ಬೇಸಿಲ್‌ನನ್ನು ತೆಗೆದುಹಾಕಿದ ಮೇಲೆ

ಬ್ರಿಟನ್ನಿನ ಹಾಸ್ಯನಟ ಜಾನ್ ಕ್ಲೀಸ್ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳುವ ಪ್ರಸಂಗವೊಂದಿದೆ. ಅವರು ಕೋನಿ ಬೂತ್ ಜೊತೆ ಸೇರಿ ಬರೆದ, ಬೇಸಿಲ್ ಎಂಬ ಹೋಟೆಲ್ ಯಜಮಾನನೇ ನಾಯಕನಾದ 'ಫಾಲ್ಟಿ ಟವರ್ಸ್' ಎಂಬ ಹಾಸ್ಯ ಧಾರಾವಾಹಿಯನ್ನು ಅಮೆರಿಕದ ಟೆಲಿವಿಷನ್ನಿಗೆ ಒಗ್ಗಿಸಲು ಹೊರಟವರು ಅವರನ್ನು ಭೇಟಿಯಾದರು. ಏನಾದರೂ ಬದಲಾಯಿಸಿದ್ದೀರಾ ಎಂದು ಕ್ಲೀಸ್ ಕೇಳಿದರು. ಹೆಚ್ಚೇನಿಲ್ಲ, ಒಂದೇ ಒಂದು ಬದಲಾವಣೆ, ಬೇಸಿಲ್ ಪಾತ್ರವನ್ನು ತೆಗೆದುಹಾಕಿದ್ದೇವೆ ಎಂದು ಉತ್ತರ ಬಂತಂತೆ. 1983ರಲ್ಲಿ ಎಬಿಸಿ ವಾಹಿನಿಯಲ್ಲಿ 'ಅಮಾಂಡಾಸ್' ಎಂಬ ಧಾರಾವಾಹಿ ಬಂತು. ಸಿಡುಕು ಮೋರೆಯ ಯಜಮಾನನಿದ್ದ ಜಾಗದಲ್ಲಿ ಬಿಯಾ ಆರ್ಥರ್ ನಟಿಸಿದ ಒಬ್ಬ ವಿಧವೆ ಒಡತಿ. ಫೆಬ್ರವರಿಯಲ್ಲಿ ಶುರುವಾದದ್ದು ಮೇ ತಿಂಗಳಿಗೆಲ್ಲ ಮುಗಿದುಹೋಯಿತು.

ಆ ನಿರ್ಮಾಪಕರ ಅಂಜಿಕೆ ನನಗೆ ಅರ್ಥವಾಗುತ್ತದೆ. ವಾರ ವಾರ ಜನರ ನಡುಮನೆಗೆ ಬಂದು ಕೂರಬೇಕಾದ ಮನುಷ್ಯ ಒಂದಿಷ್ಟಾದರೂ ಹಿತವಾಗಿರಬೇಕಲ್ಲವೇ? ಬೇಸಿಲ್ ಫಾಲ್ಟಿಯಲ್ಲಿ ಆ ಹಿತ ಹುಡುಕಿದರೂ ಸಿಗುವುದಿಲ್ಲ. ಇಂಗ್ಲೆಂಡಿನ ಟಾರ್ಕೀ ಎಂಬ ಕಡಲತೀರದ ಊರಿನಲ್ಲಿ ಅವನದೊಂದು ಸಾಧಾರಣ ಹೋಟೆಲು. ಗಿರಾಕಿ ಬಂದರೆ ಸಿಟ್ಟು, ಬರದಿದ್ದರೆ ಚಿಂತೆ. ದೊಡ್ಡ ಮನುಷ್ಯರೆಂದು ಕಂಡವರ ಮುಂದೆ ಸೊಂಟ ಬಾಗಿಸುತ್ತಾನೆ, ಸಣ್ಣವರೆಂದು ತಾನೇ ತೀರ್ಮಾನಿಸಿದವರ ಮೇಲೆ ಹಾಯುತ್ತಾನೆ. ಹೆಂಡತಿ ಸಿಬಿಲ್‌ಗೆ ಹೆದರಿ ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಾನೆ. ಬಾರ್ಸಿಲೋನಾದಿಂದ ಬಂದ ಮಾಣಿ ಮ್ಯಾನ್ಯುಯೆಲ್‌ನ ತಲೆಗೆ ಬಾರಿಸುತ್ತಾನೆ. ಬಿಬಿಸಿ 2 ವಾಹಿನಿಯಲ್ಲಿ 1975ರಲ್ಲಿ 6 ಕಂತು, 1979ರಲ್ಲಿ ಇನ್ನು 6 ಕಂತು, ಅಷ್ಟೇ. 2000ದಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬ್ರಿಟನ್ನಿನ ಅತ್ಯುತ್ತಮ ಟೆಲಿವಿಷನ್ ಕಾರ್ಯಕ್ರಮಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ದೊರೆತದ್ದು ಈ 12 ಕಂತುಗಳಿಗೆ.

ಒಂದು ಹಾಸ್ಯ ಧಾರಾವಾಹಿಯನ್ನು ಯಾರಾದರೂ ಅರ್ಧಕ್ಕೆ ನಿಲ್ಲಿಸಿದರೆ ಅವರು ಕೊಡುವ ಕಾರಣ ಬಹುತೇಕ ಒಂದೇ: ಇದರಲ್ಲಿ ಒಬ್ಬರೂ ಇಷ್ಟವಾಗಲಿಲ್ಲ, ಇವರಲ್ಲಿ ಯಾರೂ ನಮ್ಮಂಥವರು ಅನ್ನಿಸಲಿಲ್ಲ. ಈ ಎರಡು ಮಾತುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅವು ಒಂದೇ ಮಾತಲ್ಲ ಎಂದು ನನಗೆ ತಿಳಿದದ್ದು ಬೇಸಿಲ್‌ನಿಂದ, ಇನ್ನೂ ಸರಿಯಾಗಿ ಹೇಳಬೇಕೆಂದರೆ ನನ್ನ ದೊಡ್ಡಪ್ಪನಿಂದ.

ದೊಡ್ಡಪ್ಪ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಬಸ್ ನಿಲ್ದಾಣದ ಎದುರಿಗೆ ಹೋಟೆಲು ನಡೆಸುತ್ತಿದ್ದರು. ಕೆಳಗೆ ತಿಂಡಿ, ಕಾಫಿ, ಊಟ. ಮೇಲೆ ರಾತ್ರಿ ತಂಗುವವರಿಗೆ ನಾಲ್ಕು ಕೋಣೆ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿರುತ್ತಿದ್ದೆ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಟೋಕನ್ನುಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸುವುದು ನನ್ನ ಕೆಲಸ. ಹಾಗಾಗಿ ದೊಡ್ಡಪ್ಪನ ಎರಡು ಧ್ವನಿಗಳೂ ನನಗೆ ಬಲು ಹತ್ತಿರದಿಂದ ಕೇಳುತ್ತಿದ್ದವು. ಸರ್ಕಾರಿ ಜೀಪು ಬಂದು ನಿಂತರೆ ಅವರು ಗಲ್ಲಾ ಬಿಟ್ಟು ಇಳಿದು, ಹೆಗಲ ಮೇಲಿನ ಟವೆಲಿನಿಂದ ತಾವೇ ಮೇಜು ಒರೆಸುತ್ತಿದ್ದರು. ಸಂತೆಗೆ ಬಂದ ಮುದುಕರು ಎರಡನೆಯ ಸಲ ಸಾಂಬಾರು ಕೇಳಿದರೆ ಗೋಡೆಯ ಕಡೆ ತಿರುಗಿ, ಆದರೆ ಆ ಮುದುಕರಿಗೆ ಕೇಳಿಸುವ ಹಾಗೆ, ಗೊಣಗುತ್ತಿದ್ದರು. ಕುಂದಾಪುರದ ಕಡೆಯಿಂದ ಬಂದಿದ್ದ ಮಾಣಿಯೊಬ್ಬ ನನಗಿಂತ ಎರಡೋ ಮೂರೋ ವರ್ಷ ದೊಡ್ಡವನಿರಬೇಕು. ಅವನ ಕೈಯಿಂದ ಲೋಟ ಜಾರಿದರೆ ದೊಡ್ಡಪ್ಪನ ಕೈ ಅವನ ತಲೆಯನ್ನು ಹುಡುಕಿಕೊಂಡು ಹೋಗುತ್ತಿತ್ತು.

ಆಗ ನನಗೆ ಇದರಲ್ಲಿ ನಗುವಂಥದ್ದು ಏನೂ ಕಂಡಿರಲಿಲ್ಲ. ಕಂಡದ್ದು ಹೆದರಿಕೆ ಮಾತ್ರ.

ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ 'ಫಾಲ್ಟಿ ಟವರ್ಸ್'ನ ಮೊದಲ ಕಂತು ನೋಡಿದೆ. ಬೇಸಿಲ್ ತನ್ನ ಹೋಟೆಲಿಗೆ ಉತ್ತಮ ದರ್ಜೆಯ ಗಿರಾಕಿಗಳು ಬರಲೆಂದು ದುಬಾರಿ ಜಾಹೀರಾತು ಕೊಟ್ಟಿದ್ದಾನೆ. ಲಾರ್ಡ್ ಮೆಲ್ಬರಿ ಎಂದು ಹೇಳಿಕೊಳ್ಳುವವನೊಬ್ಬ ಬರುತ್ತಾನೆ. ಆ ಹೆಸರು ಕಿವಿಗೆ ಬಿದ್ದ ಕ್ಷಣದಲ್ಲಿ ಬೇಸಿಲ್‌ನ ಬೆನ್ನೆಲುಬೇ ಕರಗಿಹೋಗುತ್ತದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಊಟಕ್ಕೆ ಕುಳಿತಿದ್ದ ಕುಟುಂಬವನ್ನು ಎಬ್ಬಿಸಿ ಅವನಿಗೆ ಜಾಗ ಮಾಡಿಕೊಡುತ್ತಾನೆ. ಅದೇ ಹೊತ್ತಿಗೆ ಲಂಡನ್ನಿನ ಸಾಮಾನ್ಯರ ಉಚ್ಚಾರದಲ್ಲಿ ಮಾತನಾಡುವ ಇನ್ನೊಬ್ಬ ಬಂದರೆ ಅವನ ಕಡೆಗೆ ಅಸಹ್ಯದ ನೋಟ. ಆ ಉಚ್ಚಾರದವನು ಪೊಲೀಸ್ ಅಧಿಕಾರಿ. ಲಾರ್ಡ್ ಎನ್ನಿಸಿಕೊಂಡವನು ವಂಚಕ. ಅವನು ಜೋಪಾನವಾಗಿಡಲು ಕೊಟ್ಟ ಪೆಟ್ಟಿಗೆಯನ್ನು ತೆರೆದರೆ ಇಟ್ಟಿಗೆಗಳು. ಬೇಸಿಲ್ ಸಿಟ್ಟಿನಿಂದ ಆ ವಂಚಕನ ಮೇಲೆ ಎಗರುತ್ತಿರುವಾಗ, ನಿಜವಾದ ಸಿರಿವಂತ ದಂಪತಿಗಳು ಬಾಗಿಲಿಗೆ ಬಂದು, ಈ ರಂಪ ನೋಡಿ ಹಿಂದಿರುಗಿ ಹೋಗುತ್ತಾರೆ.

ನಗುತ್ತಿದ್ದ ನನಗೆ ಇದ್ದಕ್ಕಿದ್ದಂತೆ ಟವೆಲಿನಿಂದ ಮೇಜು ಒರೆಸುವ ದೊಡ್ಡಪ್ಪ ಕಂಡರು. ಅವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಬೇಸಿಲ್ ನನಗೆ ಒಂದು ಕ್ಷಣವೂ ಇಷ್ಟವಾಗಿರಲಿಲ್ಲ, ಇವತ್ತಿಗೂ ಆಗುವುದಿಲ್ಲ. ಆದರೆ ಅವನ ಗುರುತು ನನಗೆ ಸಿಕ್ಕಿತು. ಮೆಚ್ಚುವುದು ಬೇರೆ, ಗುರುತು ಹಿಡಿಯುವುದು ಬೇರೆ. ನಗುವಿಗೆ ಬೇಕಾದದ್ದು ಎರಡನೆಯದು ಎಂದು ಅಂದಿನಿಂದ ನಂಬಿಕೊಂಡಿದ್ದೇನೆ.

ಗುರುತು ಹಿಡಿಯುವುದೆಂದರೆ 'ಇವನು ನನ್ನ ಹಾಗೆಯೇ ಇದ್ದಾನೆ' ಎಂದುಕೊಳ್ಳುವುದೂ ಅಲ್ಲ. ಅವನಿಗೆ ಏನು ಬೇಕಾಗಿದೆ, ಅದು ಯಾಕೆ ಅವನಿಗೆ ದಕ್ಕುವುದಿಲ್ಲ ಎಂಬುದು ನಮಗೆ ಸ್ಫಟಿಕದ ಹಾಗೆ ಕಾಣಬೇಕು. ಬೇಸಿಲ್‌ಗೆ ಬೇಕಾದದ್ದು ದೊಡ್ಡವರ ಪಂಕ್ತಿಯಲ್ಲಿ ಒಂದು ಎಲೆ. ಹೋಟೆಲಿನವನಾಗಿ ಅವನು ಬಡಿಸುವ ಕಡೆ ನಿಂತಿದ್ದಾನೆ, ಆ ಅವಮಾನವನ್ನು ಬಡಿಸಿಕೊಳ್ಳುವವರ ಮೇಲೆಯೇ ತೀರಿಸಿಕೊಳ್ಳುತ್ತಾನೆ. ಆರಂಭದ ಸರಣಿಯಲ್ಲಿಯೇ 'ಗುರ್ಮೇ ನೈಟ್' ಎಂಬ ಕಂತಿದೆ. ಊರಿನ ಗಣ್ಯರಿಗೆಂದು ವಿಶೇಷ ಭೋಜನದ ರಾತ್ರಿ ಇಟ್ಟುಕೊಂಡಿದ್ದಾನೆ. ಅಡುಗೆಯವನು ಕುಡಿದು ಬಿದ್ದಿದ್ದಾನೆ. ಬೇರೆ ಹೋಟೆಲಿನಿಂದ ಬಾತುಕೋಳಿಯ ಖಾದ್ಯ ತರಲು ಬೇಸಿಲ್ ಕಾರಿನಲ್ಲಿ ಓಡಬೇಕು. ಕಾರು ಕೈಕೊಡುತ್ತಿದೆ, ಗ್ಯಾರೇಜಿಗೆ ಬಿಡು ಎಂದು ಸಿಬಿಲ್ ಮೊದಲೇ ಹೇಳಿದ್ದಳು. ದುಡ್ಡು ಉಳಿಸಲು ಅವನು ತಾನೇ ರಿಪೇರಿ ಮಾಡುತ್ತೇನೆಂದಿದ್ದ. ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಅವನು ಅದಕ್ಕೆ ಬೈಯುತ್ತಾನೆ, ಮೂರು ಎಣಿಸುವುದರೊಳಗೆ ಹೊರಡಬೇಕು ಎಂದು ಎಚ್ಚರಿಕೆ ಕೊಡುತ್ತಾನೆ, ಕೊನೆಗೆ ಓಡಿಹೋಗಿ ಮರದ ಕೊಂಬೆಯೊಂದನ್ನು ತಂದು ಕಾರಿಗೆ ಬಡಿಯುತ್ತಾನೆ.

ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೊಂಬೆ ಎಲೆಗಳ ಸಮೇತ ಬರುತ್ತದೆ, ಬಡಿದರೆ ಬಳಕುತ್ತದೆ, ಕಾರಿಗೆ ಏನೂ ಆಗುವುದಿಲ್ಲ. ಇಲ್ಲಿ ಬೇಸಿಲ್ ಒಳ್ಳೆಯವನಾಗಿದ್ದರೆ ನಾನು ಮರುಗುತ್ತಿದ್ದೆ, ನಗುತ್ತಿರಲಿಲ್ಲ. ಬರೀ ಹುಚ್ಚನಾಗಿದ್ದರೆ ಬೇಸರ ಬರುತ್ತಿತ್ತು. ಜಿಪುಣತನ, ಆತುರ, ದೊಡ್ಡಸ್ತಿಕೆಯ ಹಂಬಲ ಎಲ್ಲವೂ ಒಂದೊಂದಾಗಿ ಅವನನ್ನು ಆ ರಸ್ತೆಗೆ ತಂದು ನಿಲ್ಲಿಸಿವೆ. ಕಾರು ಅವನ ಮಾತು ಕೇಳದ ಮೊದಲ ಗಿರಾಕಿ ಅಲ್ಲ, ಕೊಂಬೆಯ ಏಟು ತಿಂದ ಮೊದಲನೆಯದು ಅಷ್ಟೇ.

ಇಡೀ 12 ಕಂತುಗಳಲ್ಲಿ ಬರಹಗಾರರು ಒಮ್ಮೆಯೂ ಅವನ ಪರವಾಗಿ ನಮ್ಮಲ್ಲಿ ವಕಾಲತ್ತು ವಹಿಸುವುದಿಲ್ಲ. ಅನಾಥ ಮಗುವಿನ ತಲೆ ಸವರುವ ದೃಶ್ಯ ತಂದು 'ಒಳಗೆ ಮನುಷ್ಯ ಒಳ್ಳೆಯವನೇ' ಎಂದು ಹೇಳುವುದಿಲ್ಲ. ಅವನು ಹೇಳಿದ ಪ್ರತಿ ಸುಳ್ಳಿನ ಬಿಲ್ಲು ಅರ್ಧ ಗಂಟೆಯೊಳಗೆ ಅವನ ಮೇಜಿಗೇ ಬರುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಇದೇ. ಪಾತ್ರ ಎಂಥದ್ದೇ ಇರಲಿ, ಅದನ್ನು ನೋಡುವ ಕಣ್ಣು ಪ್ರಾಮಾಣಿಕವಾಗಿರಬೇಕು. ಆ ಕಣ್ಣು ತನ್ನ ಮುದ್ದಿನ ಪಾತ್ರಕ್ಕೆ ರಿಯಾಯಿತಿ ಕೊಡಲು ಶುರುಮಾಡಿದಾಗ ನಗು ಸಪ್ಪೆಯಾಗುತ್ತದೆ.

ಇದಕ್ಕೆ ಎದುರು ಮಾತು ಇದೆ, ಅದು ಬಲವಾದದ್ದೇ. ಕಚೇರಿಯೊಂದರ ಕಥೆ ಹೇಳುವ ಹಾಸ್ಯ ಧಾರಾವಾಹಿ 'ದಿ ಆಫೀಸ್' ಎರಡು ದೇಶಗಳಲ್ಲಿ ಬಂತು. ಬ್ರಿಟನ್ನಿನದು 2001ರಿಂದ 2003ರವರೆಗೆ, 12 ಕಂತು ಮತ್ತು ಕ್ರಿಸ್‌ಮಸ್ಸಿಗೆ ಎರಡು ಭಾಗದ ವಿಶೇಷ. ಅಮೆರಿಕದ್ದು 2005ರಿಂದ 2013ರವರೆಗೆ, 9 ಸೀಸನ್ನು, 201 ಕಂತು. ಎರಡರ ಮೊದಲ ಕಂತಿನಲ್ಲಿಯೂ ಒಂದೇ ದೃಶ್ಯವಿದೆ: ಅಂಟು ಚೀಟಿ ಕದ್ದಿದ್ದೀಯ, ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ ಎಂದು ಮ್ಯಾನೇಜರು ರಿಸೆಪ್ಷನಿಸ್ಟ್ ಹುಡುಗಿಗೆ ತಮಾಷೆಗಾಗಿ ಹೇಳುತ್ತಾನೆ, ಅವಳು ಅತ್ತುಬಿಡುತ್ತಾಳೆ. ಬ್ರಿಟನ್ನಿನ ಮ್ಯಾನೇಜರು ಡೇವಿಡ್ ಬ್ರೆಂಟ್ ಹಾಗೆಯೇ ಉಳಿದ. ಅಮೆರಿಕದ ಮೈಕಲ್ ಸ್ಕಾಟ್‌ನನ್ನು 6 ಕಂತುಗಳ ಮೊದಲ ಸೀಸನ್ನಿನ ನಂತರ ಮೆದು ಮಾಡಿದರು. ಜನ ಅವನನ್ನು ಪ್ರೀತಿಸತೊಡಗಿದರು, ಧಾರಾವಾಹಿ ಉಳಿಯಿತು. ಹಾಗಾದರೆ ಮೆಚ್ಚುಗೆಯೇ ಅದನ್ನು ಕಾಪಾಡಿತಲ್ಲವೇ?

ಭಾಗಶಃ ಹೌದು. 201 ಕಂತುಗಳ ಕಾಲ ಒಬ್ಬನ ಜೊತೆ ಇರಬೇಕಾದರೆ ಒಂದಿಷ್ಟು ಅಕ್ಕರೆ ದಾರಿಯ ಬುತ್ತಿಯಾಗುತ್ತದೆ. (ಅದು ನಿಯಮವೇನಲ್ಲ. 'ಇಟ್ಸ್ ಆಲ್ವೇಸ್ ಸನ್ನಿ ಇನ್ ಫಿಲಡೆಲ್ಫಿಯಾ' ಕೂಡ 2005ರಲ್ಲಿಯೇ ಶುರುವಾದದ್ದು. ಅದರ ಐವರು ಮುಖ್ಯ ಪಾತ್ರಧಾರಿಗಳಲ್ಲಿ ಒಬ್ಬರೂ ಸುಧಾರಿಸಿಲ್ಲ, ಕಾರ್ಟೂನ್ ಅಲ್ಲದ, ನಟರು ತೆರೆಯ ಮೇಲೆ ಬರುವ ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಅದಕ್ಕಿಂತ ಹೆಚ್ಚು ಸೀಸನ್ ನಡೆದದ್ದು ಇನ್ನೊಂದಿಲ್ಲ.) ಆದರೆ ಮೈಕಲ್‌ನಲ್ಲಿ ನನಗೆ ಹಿಡಿಸಿದ ಬದಲಾವಣೆ ಅವನ ಮೃದುತನವಲ್ಲ. ಎರಡನೆಯ ಸೀಸನ್ನಿನಲ್ಲಿ 'ದಿ ಕ್ಲೈಂಟ್' ಎಂಬ ಕಂತಿದೆ. ದೊಡ್ಡ ಗಿರಾಕಿಯ ಜೊತೆ ಮಾತುಕತೆಗೆ ಕುಳಿತ ಮೈಕಲ್ ವ್ಯಾಪಾರದ ಮಾತು ಬಿಟ್ಟು ಊಟ, ಹರಟೆ, ನಗೆಯಲ್ಲಿಯೇ ಸಂಜೆಯನ್ನೆಲ್ಲ ಕಳೆಯುತ್ತಾನೆ. ಜೊತೆಗಿದ್ದ ಮೇಲಧಿಕಾರಿಗೆ ಚಡಪಡಿಕೆ. ಕೊನೆಗೆ ನೋಡಿದರೆ ವ್ಯಾಪಾರ ಕುದುರಿಸುವವನು ಅವನೇ. ಮಾರುವುದರಲ್ಲಿ ಅವನು ನಿಜಕ್ಕೂ ಜಾಣ. ಒಳ್ಳೆಯ ಮಾರಾಟಗಾರನನ್ನು ಬಡ್ತಿ ಕೊಟ್ಟು ಕೆಟ್ಟ ಮ್ಯಾನೇಜರನನ್ನಾಗಿ ಮಾಡಲಾಗಿದೆ ಎಂದು ಆ ಕಂತಿನಲ್ಲಿ ನಮಗೆ ಅರ್ಥವಾಗುತ್ತದೆ. ಅದು ರಿಯಾಯಿತಿಯಲ್ಲ, ತಿಳಿವಳಿಕೆ. ಮುಂದಿನ ಸೀಸನ್ನುಗಳಲ್ಲಿ ಅವನ ಕಣ್ಣೀರಿಗೆ ನಮ್ಮ ಕಣ್ಣೀರನ್ನೂ ಕೇಳುವ ಜಾಗಗಳು ಹೆಚ್ಚಾದವು. ಅಲ್ಲಿ ನನಗೆ ಮನಸ್ಸು ತುಂಬಿ ಬಂದಿದೆ, ನಗು ಮಾತ್ರ ಬಂದಿಲ್ಲ.

ಬ್ರೆಂಟ್‌ನ ವಿಷಯವೇ ಬೇರೆ. ಅವನನ್ನು ಕೆಲಸದಿಂದ ತೆಗೆಯುವ ಸುದ್ದಿ ಬರುವ ದಿನ ಕಚೇರಿಯಲ್ಲಿ ದೇಣಿಗೆ ಸಂಗ್ರಹದ ವೇಷಗಳು. ಅವನು ಉಷ್ಟ್ರಪಕ್ಷಿಯ ಮೇಲೆ ಸವಾರಿ ಮಾಡುತ್ತಿರುವಂತೆ ಕಾಣುವ ವೇಷ ತೊಟ್ಟಿದ್ದಾನೆ. ಆ ವೇಷದಲ್ಲಿಯೇ ಸುದ್ದಿ ಕೇಳಬೇಕು. ಮುಂದಿನ ಕಂತಿನಲ್ಲಿ, ಅಷ್ಟು ಕಾಲ ಜಂಬ ಕೊಚ್ಚಿಕೊಂಡವನು, ದಯವಿಟ್ಟು ತೆಗೆಯಬೇಡಿ ಎಂದು ಬೇಡಿಕೊಳ್ಳುತ್ತಾನೆ. ಆಗ ನನ್ನ ಬಾಯಿಂದ ಬಂದ ಮಾತು 'ಪಾಪ'. ಇಷ್ಟವಾಗದವನ ಬಗ್ಗೆಯೂ ಹೇಳಬಹುದಾದ ಮಾತು ಅದು. ಈ ಎರಡಕ್ಷರ ನಮ್ಮ ಭಾಷೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ! ಮೆಚ್ಚುಗೆಯ ಅಗತ್ಯವಿಲ್ಲದೆ, ಕ್ಷಮೆಯನ್ನೂ ಕೊಡದೆ, ಎದುರಿಗಿರುವವನು ಮನುಷ್ಯ ಎಂದು ಒಪ್ಪಿಕೊಳ್ಳುತ್ತದೆ. ಕನ್ನಡದ ಬಹು ಜನಪ್ರಿಯ ಹಾಸ್ಯ ಧಾರಾವಾಹಿಯೊಂದರ ಹೆಸರಿನಲ್ಲಿಯೇ ಅದಿದೆ, 'ಪಾಪ ಪಾಂಡು'. ಹೆಂಡತಿ ಶ್ರೀಮತಿಯ ಎದುರು ನಡುಗುವ ಆ ಪಾಂಡುವನ್ನು ಯಾರೂ ಆದರ್ಶ ಪುರುಷನೆಂದು ಮೆಚ್ಚಿರಲಾರರು. 'ಸಿಲ್ಲಿ ಲಲ್ಲಿ'ಯ ಸಮಾಜ ಸೇವಕಿ ಲಲಿತಾಂಬ ಪಕ್ಕದ ಮನೆಗೆ ಬಂದರೆ ನಾವು ಮನೆ ಬದಲಾಯಿಸುತ್ತಿದ್ದೆವು. ಹಿಂದಿಯ 'ಸಾರಾಭಾಯಿ ವರ್ಸಸ್ ಸಾರಾಭಾಯಿ'ಯಲ್ಲಿ ರತ್ನಾ ಪಾಠಕ್ ಶಾ ನಟಿಸಿದ ಮಾಯಾ, ಸೊಸೆಯ ಮಧ್ಯಮ ವರ್ಗದ ಅಭ್ಯಾಸಗಳನ್ನು ಕಂಡು ಮುಖ ಸಿಂಡರಿಸುವ ಅತ್ತೆ, ಆ ಮಧ್ಯಮ ವರ್ಗದ ಮನೆಗಳಿಗೇ ಅಚ್ಚುಮೆಚ್ಚಾದಳು.

ಮೆಚ್ಚುಗೆಯನ್ನು ನಾವು ನಿರಪಾಯಕಾರಿ ಎಂದುಕೊಂಡಿದ್ದೇವೆ. ಆರ್ಚಿ ಬಂಕರ್‌ನ ಕಥೆ ಓದಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. 1971ರ ಜನವರಿಯಲ್ಲಿ ಸಿಬಿಎಸ್ ವಾಹಿನಿಯಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಶುರುವಾಯಿತು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮನೆ, ಕಾರ್ಮಿಕ ವರ್ಗದ ಕುಟುಂಬ, ಕಪ್ಪು ಜನರು, ಯಹೂದಿಗಳು, ಹೆಂಗಸರು, ಹೊಸ ಕಾಲದ ಹುಡುಗರು ಎಲ್ಲರ ಬಗ್ಗೆಯೂ ನಂಜು ಕಾರುವ ಯಜಮಾನ ಆರ್ಚಿ. ನಿರ್ಮಾಪಕ ನಾರ್ಮನ್ ಲಿಯರ್ ಆ ನಂಜನ್ನು ಬಯಲಿಗೆಳೆಯಲು ಹೊರಟಿದ್ದರು. ನಟ ಕ್ಯಾರಲ್ ಓಕಾನರ್ ಆರ್ಚಿಗೆ ಎಂಥ ಜೀವ ತುಂಬಿದರೆಂದರೆ ಜನ ಅವನಿಗೆ ಮನಸೋತರು. ಸತತ ಐದು ಸೀಸನ್ ಅದು ದೇಶದ ಅತಿ ಹೆಚ್ಚು ನೋಡುಗರ ಕಾರ್ಯಕ್ರಮ. ಆರ್ಚಿಯ ಕುರ್ಚಿ ಇಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ನೋಡುಗರನ್ನು ಅಧ್ಯಯನ ಮಾಡಿದಾಗ ಕಂಡದ್ದೇನೆಂದರೆ, ಪೂರ್ವಗ್ರಹ ಹೆಚ್ಚಿದ್ದವರು ಅವನೊಡನೆ ವಾದಕ್ಕಿಳಿಯುವ ಅಳಿಯ ಮೈಕ್‌ಗಿಂತ ಆರ್ಚಿಯನ್ನೇ ಮೆಚ್ಚಿಕೊಂಡಿದ್ದರು. ಅವರಿಗೆ ಆರ್ಚಿ ನಗೆಪಾಟಲಾಗುತ್ತಿರಲಿಲ್ಲ, ತಮ್ಮ ಮನಸ್ಸಿನಲ್ಲಿದ್ದುದನ್ನು ಧೈರ್ಯವಾಗಿ ಆಡುತ್ತಿದ್ದ.

ಇದನ್ನು ನಾನು ಲಿಯರ್ ಅವರ ತಪ್ಪೆಂದು ಹೇಳುತ್ತಿಲ್ಲ. ಆರ್ಚಿಯ ಹೆಂಡತಿ ಈಡಿತ್‌ಳ ಮುಗ್ಧ ಮಾತೊಂದು ಆರ್ಚಿಯ ಇಡೀ ವಾದವನ್ನು ಉರುಳಿಸುವ ದೃಶ್ಯಗಳು ಇವತ್ತಿಗೂ ಹೊಳೆಯುತ್ತವೆ. ಆದರೆ ಪಾತ್ರ ಇಷ್ಟವಾಗಲಿ ಎಂದು ಹಂಬಲಿಸುವವರು, ಇಷ್ಟವಾದ ಪಾತ್ರದ ಬೆನ್ನೇರಿ ಮನೆಯೊಳಗೆ ಏನೇನು ಬರುತ್ತದೆ ಎಂಬುದನ್ನೂ ನೋಡಬೇಕು. ಬೇಸಿಲ್‌ನ ಬೆನ್ನೇರಿ ಏನೂ ಒಳಗೆ ಬಂದಂತೆ ಕಾಣುವುದಿಲ್ಲ. ಅವನ ಹಾಗೆ ಆಗಬೇಕೆಂದು ಆಸೆಪಟ್ಟವರನ್ನು ನಾನಂತೂ ಕಂಡಿಲ್ಲ.

'ಸೈನ್‌ಫೆಲ್ಡ್' ಇದೇ ಪ್ರಶ್ನೆಯ ಇನ್ನೊಂದು ತುದಿ. 1989ರಿಂದ 1998ರವರೆಗೆ ಬಂದ ನಾಲ್ವರು ಸ್ನೇಹಿತರ ಕಥೆಯ ಆ ಧಾರಾವಾಹಿಗೆ, ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಡೇವಿಡ್ ಹಾಕಿದ್ದ ನಿಯಮ ಪ್ರಸಿದ್ಧವಾದದ್ದು: ಅಪ್ಪುಗೆ ಇಲ್ಲ, ಪಾಠ ಕಲಿಯುವುದಿಲ್ಲ. ಮಗುವಿನ ಹುಟ್ಟುಹಬ್ಬದಲ್ಲಿ ಬೆಂಕಿ ಎಂದು ಕೂಗಿ, ಮಕ್ಕಳನ್ನೂ ಮುದುಕಿಯನ್ನೂ ತಳ್ಳಿಕೊಂಡು ಆ ನಾಲ್ವರಲ್ಲಿ ಒಬ್ಬನಾದ ಜಾರ್ಜ್ ಮೊದಲು ಹೊರಗೋಡುತ್ತಾನೆ, ಆಮೇಲೆ ಅದನ್ನೇ ನಾಯಕತ್ವವೆಂಬಂತೆ ಸಮರ್ಥಿಸಿಕೊಳ್ಳುತ್ತಾನೆ. ಮದುವೆಯ ಕರೆಯೋಲೆಗಳಿಗೆ ಅವನು ಆರಿಸಿದ ಅಗ್ಗದ ಲಕೋಟೆಗಳ ಅಂಟು ನೆಕ್ಕಿ ನೆಕ್ಕಿ ಅವನ ಭಾವಿ ಪತ್ನಿ ಸಾಯುತ್ತಾಳೆ. ಸುದ್ದಿ ಕೇಳಿದ ನಾಲ್ವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿ ಕುಡಿಯಲು ಹೋಗುತ್ತಾರೆ. ಇಷ್ಟೆಲ್ಲ ಮಾಡಿದವರು ಕೊನೆಯ ಕಂತಿನಲ್ಲಿ ಮಾತ್ರ ನ್ಯಾಯಾಲಯದಲ್ಲಿ ನಿಲ್ಲಬೇಕಾಗುತ್ತದೆ. ಒಬ್ಬನ ಕಾರು ಕಳುವಾಗುತ್ತಿರುವಾಗ ಸಹಾಯ ಮಾಡದೆ ನಗುತ್ತಾ ನಿಂತದ್ದಕ್ಕೆ ಮೊಕದ್ದಮೆ, ವರ್ಷಗಳಿಂದ ಅವರಿಂದ ನೊಂದವರೆಲ್ಲ ಸಾಕ್ಷಿಗಳು, ಒಂದು ವರ್ಷ ಸೆರೆ. 1998ರ ಮೇ 14ರಂದು ಸುಮಾರು 7.6 ಕೋಟಿ ಜನ ಅದನ್ನು ನೋಡಿದರು. ಬಹಳ ಮಂದಿಗೆ ನಿರಾಸೆಯಾಯಿತು.

ನನಗೂ ಆಯಿತು, ಕಾರಣ ಹುಡುಕಲು ಸಮಯ ಹಿಡಿಯಿತು. ಅವರಿಗೆ ಶಿಕ್ಷೆಯಾಯಿತಲ್ಲ ಎಂಬ ದುಃಖವಲ್ಲ. ಬೇಸಿಲ್‌ನ ಬಿಲ್ಲು ಅದೇ ಊಟದ ಕೊನೆಯಲ್ಲಿ ಬರುತ್ತದೆ, ಅವನ ಕೈಯಡುಗೆಯದೇ ಬಿಲ್ಲು. ಸೈನ್‌ಫೆಲ್ಡ್ ಕೂಡ ವಾರ ವಾರ ಹಾಗೆಯೇ ವಸೂಲು ಮಾಡುತ್ತಿತ್ತು, ಜಾರ್ಜ್‌ನ ಯಾವ ಉಪಾಯವೂ ಅವನಿಗೆ ದಕ್ಕುತ್ತಿರಲಿಲ್ಲ. ಕೊನೆಗೆ ನ್ಯಾಯಾಧೀಶರನ್ನು ಕೂರಿಸಿ ಹಳೆಯ ಲೆಕ್ಕವನ್ನೆಲ್ಲ ಮತ್ತೆ ಓದಿಸಿದಾಗ, 'ಇವರು ಒಳ್ಳೆಯವರೇ, ಕೆಟ್ಟವರೇ' ಎಂದು ಧಾರಾವಾಹಿಯೇ ಕೇಳಿದಂತಾಯಿತು. ಒಂಬತ್ತು ವರ್ಷ ನಾವು ಆ ಪ್ರಶ್ನೆಯಿಲ್ಲದೆಯೇ ನಕ್ಕಿದ್ದೆವು.

ಈ ನಂಬಿಕೆಯಲ್ಲಿ ನನಗೆ ಒಂದು ಕಡೆ ಮುಳ್ಳು ಚುಚ್ಚುತ್ತದೆ. ಮ್ಯಾನ್ಯುಯೆಲ್. ಬೇಸಿಲ್ ಅವನನ್ನು ಹೊಡೆಯುವಾಗ ನಾನು ಮೊದಮೊದಲು ನಗುತ್ತಿದ್ದೆ, ಈಗ ಆಗುವುದಿಲ್ಲ. ಆ ಪಾತ್ರ ಮಾಡಿದ ಆಂಡ್ರ್ಯೂ ಸ್ಯಾಕ್ಸ್ ಬಾಲ್ಯದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬರ್ಲಿನ್‌ನಿಂದ ಇಂಗ್ಲೆಂಡಿಗೆ ಬಂದವರು. ಒಂದು ಕಂತಿನ ಚಿತ್ರೀಕರಣದಲ್ಲಿ ಅವರ ಉಡುಪಿನಿಂದ ಹೊಗೆ ಬರಿಸಲು ಬಳಸಿದ ರಾಸಾಯನಿಕದಿಂದ ಅವರ ಮೈ ಸುಟ್ಟಿತ್ತು. ಅದನ್ನು ಓದಿದ ಮೇಲೆ ಇನ್ನಷ್ಟು ಕಷ್ಟವಾಗಿದೆ. ಆದರೆ ನಿಜವಾದ ಕಾರಣ ಕುಂದಾಪುರದ ಕಡೆಯ ಆ ಹುಡುಗನೇ. ಬೇಸಿಲ್‌ನ ಏಟಿಗೆ ಬೇಸಿಲ್ ಬೆಲೆ ತೆರುತ್ತಾನೆ, ಒಪ್ಪುತ್ತೇನೆ. ಮಾಣಿಯ ತಲೆಗೆ ಬಿದ್ದ ಏಟಿಗೆ ದೊಡ್ಡಪ್ಪ ಯಾವ ಬೆಲೆಯನ್ನೂ ತೆರಲಿಲ್ಲ, ಸ್ಟೂಲಿನ ಮೇಲಿದ್ದ ನಾನೂ ತೆರಲಿಲ್ಲ.

ಹೋದ ವರ್ಷ ದೊಡ್ಡಪ್ಪನ ಮಗಳು, ನನ್ನ ಅಕ್ಕ, ಒಂದು ವಾರ ನಮ್ಮ ಮನೆಯಲ್ಲಿದ್ದಳು. ಅವಳಿಗೆ ತೋರಿಸಲೇಬೇಕೆಂಬ ಆಸೆಯಿಂದ ಲಾರ್ಡ್ ಮೆಲ್ಬರಿಯ ಕಂತು ಹಾಕಿದೆ. ಗಿರಾಕಿಗಳನ್ನು ಮೇಜಿನಿಂದ ಎಬ್ಬಿಸುವ ಜಾಗಕ್ಕೆ ಬರುವಷ್ಟರಲ್ಲಿ ಅಕ್ಕ ಎದ್ದು ಅಡುಗೆಮನೆಗೆ ಹೋದಳು. ನಾನು ನಿಲ್ಲಿಸಿ ಹಿಂದೆಯೇ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ನಿನಗೆ ನಗು ಬರುತ್ತದೆ, ಬರಲಿ. ನೀನು ರಜೆ ಮುಗಿದ ಮೇಲೆ ಊರಿಗೆ ಹೋಗುತ್ತಿದ್ದೆ," ಎಂದಳು.

ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಗುರುತು ಸಿಕ್ಕರೆ ನಗು ಬರುತ್ತದೆ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಅಕ್ಕನಿಗೆ ನನಗಿಂತ ಹೆಚ್ಚು ಗುರುತು ಸಿಕ್ಕಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು: "ಆ ಹೆಂಗಸು ಕೊನೆಗಾದರೂ ಅವನನ್ನು ಬಿಟ್ಟು ಹೋಗುತ್ತಾಳಾ?"

ಒಂದು ಕಂತಿನಲ್ಲಿ ಹೋಗುತ್ತಾಳೆ ಎಂದೆ. ಮದುವೆಯ ವಾರ್ಷಿಕೋತ್ಸವದ ದಿನ ಅವನು ಗುಟ್ಟಾಗಿ ಸ್ನೇಹಿತರನ್ನು ಕರೆದಿರುತ್ತಾನೆ, ಮರೆತವನಂತೆ ನಟಿಸುತ್ತಾನೆ, ಅವಳು ಸಿಟ್ಟಾಗಿ ಹೊರಟುಹೋಗುತ್ತಾಳೆ. ಬಂದವರಿಗೆ ನಿಜ ಹೇಳಲಾಗದೆ ಅವಳಿಗೆ ಹುಷಾರಿಲ್ಲ, ಮಲಗಿದ್ದಾಳೆ ಎನ್ನುತ್ತಾನೆ, ಹೋಟೆಲಿನ ಹುಡುಗಿಗೆ ಅವಳ ವೇಷ ಹಾಕಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾನೆ. ಅಷ್ಟರಲ್ಲಿ ನಿಜವಾದ ಹೆಂಡತಿ ಮರಳಿ ಬರುತ್ತಾಳೆ. ಇವಳು ಯಾರೋ ಬೇರೆಯವಳು ಎಂದು ಎಲ್ಲರೆದುರು ಹೇಳಿ, ಅಡುಗೆಮನೆಗೆ ಕರೆದುಕೊಂಡು ಹೋಗಿ ಕಪಾಟಿನೊಳಗೆ ಕೂಡಿಹಾಕುತ್ತಾನೆ.

ಅಕ್ಕನ ಕೈ ಮೊರದ ಮೇಲೆ ನಿಂತಿತು.

"ಅಮ್ಮ ಒಮ್ಮೆ ತವರಿಗೆ ಹೋಗಿ ಇಪ್ಪತ್ತು ದಿನ ಬರಲಿಲ್ಲ. ನೀನಿನ್ನೂ ತೀರಾ ಚಿಕ್ಕ ಮಗು. ಕೇಳಿದವರಿಗೆಲ್ಲ ಅಪ್ಪ ಹೇಳಿದ್ದು, ಅವಳಿಗೆ ಟೈಫಾಯ್ಡ್, ಮೇಲಿನ ಕೋಣೆಯಲ್ಲಿ ಮಲಗಿದ್ದಾಳೆ, ಯಾರೂ ನೋಡಬಾರದು ಎಂದು. ಹೋಟೆಲಿಗೆ ಬಂದವರೆಲ್ಲ ಮೆಟ್ಟಿಲ ಹತ್ತಿರ ಪಿಸುಮಾತು. ಆಗಿದ್ದ ಮಾಣಿಯ ಕೈಯಲ್ಲಿ ದಿನಾ ಎರಡು ಹೊತ್ತು ಗಂಜಿ ಮೇಲಕ್ಕೆ ಕಳಿಸುತ್ತಿದ್ದರು."

"ಖಾಲಿ ಕೋಣೆಗೆ?"

"ಖಾಲಿ ಕೋಣೆಗೆ. ಗಂಜಿಯನ್ನು ಅಲ್ಲಿ ಆ ಹುಡುಗನೇ ಕುಡಿಯುತ್ತಿದ್ದ," ಎಂದ ಅಕ್ಕ ಮೊರವನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಆ ಕಪಾಟಿನ ಕಂತು ಯಾವುದು? ಅದನ್ನು ಹಾಕು."